ಭಂಡಾರ ಬಿಟ್ಟು ಎಳೆದ ಗೆರೆ

ಮೂರನೆಯ ಕಂತು

"ಸರ್ ಅದಾರೇನ್ರಿ? ಇವತ್ತ ನನ್ನ ಕ್ಲಾಸ್ ಎಷ್ಟ ಗಂಟೆಗೆ?"

ಬೆಳಗಿನ ಆರೂವರೆಗೆ ಬಂದ ಮೊದಲ ಫೋನು ಅದು. ಸಾರಿಕಾ ಗಂಡನ ಮೊಬೈಲನ್ನು ಕಿವಿಗೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳು. ಹದಿಮೂರು ದಿನ ಮನೆ ತುಂಬಿದ್ದ ನೆಂಟರು ನಿನ್ನೆ ಸಂಜೆಯ ಬಸ್ಸುಗಳಿಗೆ ಹೋಗಿಬಿಟ್ಟಿದ್ದರು. ಬಾಡಿಗೆಯ ಹಂಡೆ, ಪಾತೇಲಿಗಳೂ ಹೋಗಿದ್ದವು. ಗಡಹಿಂಗ್ಲಜದ ಆ ಓಣಿಯಲ್ಲಿ ಹಾಲಿನವನು ಎಂದಿನಂತೆ ಎರಡು ಸಲ ಹಾರ್ನ್ ಒತ್ತಿ ಮುಂದೆ ಹೋದ. ನಳಕ್ಕೆ ನೀರು ಬಂತು. ಎದುರು ಮನೆಯವರು ಅಂಗಳ ಗುಡಿಸಿದರು. ಊರಿನ ಪಾಲಿಗೆ ಅವಳ ಗಂಡ ಕೇದಾರಿ ಸತ್ತದ್ದು ಮುಗಿದ ಕೆಲಸವಾಗಿತ್ತು.

"ನಾ ರುಪಾಲಿ, ಮಹಾಗಾಂವದಾಕಿ. ಮಗಳ ಬಾಣಂತನಕ್ಕಂತ ಸಾಂಗ್ಲಿಗೆ ಹೋಗಿದ್ದೆ, ತಿಂಗಳ ಆತು. ಸರ್ ಸಿಟ್ಟಿಗೆದ್ದಿರ್ತಾರ. ಫೋನ್ ಕೊಡ್ರಿ ವೈನಿ, ಒಮ್ಮೆ ಬೈಸಿಕೊಂಡ ಬಿಡ್ತೀನಿ."

ಈಕೆಗೆ ಇನ್ನೂ ಯಾರೂ ಹೇಳಿಲ್ಲ.

ಸಾರಿಕಾಳ ಕಣ್ಣು ಸಕ್ಕರೆ ಡಬ್ಬಿಗೆ ಆನಿಸಿಟ್ಟ ಕಾಗದದ ಮೇಲಿತ್ತು. ಠಾಣೆಯ ಹವಾಲ್ದಾರ ನಿನ್ನೆ ಕೊಟ್ಟುಹೋದದ್ದು, ಅಪಘಾತವಾದ ದಿನವೇ ಬರೆದ ಪಂಚನಾಮೆಯ, ಅಂದರೆ ಸ್ಥಳ ಮಹಜರಿನ, ನಕಲು. ಮರಾಠಿಯಲ್ಲಿ ನಾಲ್ಕೇ ಸಾಲು. ಫೆಬ್ರುವರಿ ಮೂರರಂದು ನೇಸರಿ ರಸ್ತೆಯ ತಿರುವಿನಲ್ಲಿ ಬೈಕ್ ಸವಾರ ಕೇದಾರಿ ರಸ್ತೆ ನಡುವಿನ ಅಖಂಡ ಬಿಳಿ ಗೆರೆ ದಾಟಿ, ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋಗಿ, ಎದುರಿನ ಟೆಂಪೋಗೆ ತಾನೇ ಬಡಿದು ಸತ್ತ. ಮೃತನ ಹೆಸರು ಕೇದಾರಿ. ಆರೋಪಿಯ ಹೆಸರೂ ಕೇದಾರಿ.

ಗುರುವಾರ ಈ ಕಾಗದ ಕೋರ್ಟಿಗೆ ಹೋಗುತ್ತದೆ. ಆರೋಪಿ ಬದುಕಿಲ್ಲ, ಪ್ರಕರಣ ಮುಗಿಯಿತು ಎಂದು ಒಂದು ಸಹಿ ಬೀಳುತ್ತದೆ. ಆಮೇಲೆ ಈ ಕಡತವನ್ನು ಯಾರೂ ಬಿಚ್ಚುವುದಿಲ್ಲ. ಒಂಬತ್ತು ವರ್ಷ ತಾಲೂಕಿಗೆಲ್ಲ ಗಾಡಿ ಕಲಿಸಿದ ಮನುಷ್ಯ ತನ್ನ ಮೊದಲ ಪಾಠವನ್ನೇ ಮುರಿದು ಸತ್ತ ಎಂಬ ಮಾತು ಮಾತ್ರ ಉಳಿಯುತ್ತದೆ.

"ಬರ್ರಿ ಅಕ್ಕಾ," ಸಾರಿಕಾ ಹೇಳಿದಳು. "ಕ್ಲಾಸ್ ಐತಿ."

*

ರುಪಾಲಿ ಬಂದಾಗ ಒಂಬತ್ತು ಗಂಟೆ. ನಲವತ್ತೈದು ದಾಟಿದ ಹೆಣ್ಣುಮಗಳು. ಮನೆಯಲ್ಲಿ ಆರು ಎಮ್ಮೆ, ಹಾಲಿನ ಕ್ಯಾನು ತಾನೇ ಡೇರಿಗೆ ಒಯ್ಯಬೇಕೆಂದು ಗಾಡಿ ಕಲಿಯಲು ಬಂದವಳು. ಓಣಿಯ ಬಾಯಲ್ಲೇ ಯಾರೋ ಹೇಳಿಬಿಟ್ಟಿದ್ದರು. ಹೊಸ್ತಿಲ ಮೇಲೆ ಕುಸಿದು ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬೆಳಿಗ್ಗೆ ನಾ ಏನೇನ ಮಾತಾಡಿದೆ. ಹೇಳಬಾರ್ದಿತ್ತಾ ವೈನಿ?"

"ಹೇಳಿದ್ರ ನೀವು ಅಳಾಕ ಬರ್ತಿದ್ರಿ. ನನಗ ಗಾಡಿ ಓಡಸೂವರು ಬೇಕಾಗಿತ್ತು."

ರುಪಾಲಿ ತಲೆಯೆತ್ತಿದಳು.

"ಅವರ ಕಡೆ ಎಷ್ಟ ದಿನ ಕಲಿತ್ರಿ?"

"ಹದಿನೆಂಟ ದಿನ. ಮೂರು ಉಳದಾವ."

"ಯಾವ ರಸ್ತಾದಾಗ?"

"ನೇಸರಿ ರಸ್ತಾದಾಗ್ರಿ, ಮತ್ತೆಲ್ಲಿ? ತಿರುವು ಇಲ್ದ ಕಡೆ ಕಲಿತವರು ಡ್ರೈವರ್ ಅಲ್ಲ, ಪ್ಯಾಸೆಂಜರ್ ಅಂತಿದ್ರು."

ಸಾರಿಕಾ ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದು ಆಕೆಯ ಕೈಗಿಟ್ಟಳು. "ಅಲ್ಲಿಗೇ ಹೋಗೂಣು. ನನ್ನ ಕಡೆ ಲೈಸೆನ್ಸ್ ಐತಿ, ಬಾಜೂಕ ಕೂಡ್ತೀನಿ."

ಒಳಗಿನಿಂದ ಅತ್ತೆ ಲಗಮವ್ವ ಎಲೆಯಡಿಕೆಯ ಚೀಲವನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತ ಹೊರಬಂದಳು. ಗಂಡ ಸತ್ತ ಹೆಣ್ಣು ತಿಂಗಳು ತುಂಬುವ ಮೊದಲು ಹೊರಗೆ ಕಾಲಿಡಬಾರದೆಂದು ನಿನ್ನೆ ಹೋಗುವಾಗ ನೆಂಟರೆಲ್ಲ ಹೇಳಿ ಹೋಗಿದ್ದರು. ಸಾರಿಕಾ ಆ ಮಾತಿಗೆ ಸಿದ್ಧವಾಗಿಯೇ ನಿಂತಳು.

"ಅತ್ತೀ, ಮಂದಿ ಏನಾರ ಅಂದ್ರ..."

"ಮಂದಿ ನನ್ನ ಮಗನಿಗೆ ಏನ ಅನ್ನಾಕತ್ತಾರ ಅಂತ ನಾ ಕೇಳೇನಿ. ಅದಕ್ಕಿಂತ ಹೆಚ್ಚಿಂದು ನಿನಗೇನ ಅಂತಾರ?" ಲಗಮವ್ವ ಚಪ್ಪಲಿ ಮೆಟ್ಟಿದಳು. "ಸಣ್ಣಾವ ಇದ್ದಾಗ ಅಂವ ತನ್ನ ಕಾಲಾಗಿನ ಚಪ್ಪಲಿ ಸುದ್ದಾ ಗೆರಿ ಹಿಡದ ಬಿಡ್ತಿದ್ದ. ಅಂವ ಗೆರಿ ದಾಟ್ಯಾನಂತ. ಹಿಂದಿನ ಸೀಟಿನ ಬಾಗಲಾ ತಗೀ."

*

ರುಪಾಲಿ ಎರಡನೇ ಗೇರಿನಲ್ಲೇ ಮಹಾಗಾಂವ ದಾಟಿಸಿದಳು. ಗಾಡಿಯ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು. ಕೇದಾರಿಯ ಪಾದ ಸವೆಸಿದ ಆ ಬ್ರೇಕಿನ ಮೇಲೆ ಸಾರಿಕಾಳ ಪಾದವಿತ್ತು. ಮನಸ್ಸು ಅಲ್ಲಿಗೆ ಹೋಗದಂತೆ ಆಕೆ ರಸ್ತೆಯನ್ನೇ ನೋಡಿದಳು.

"ಮೂರನೇ ಗೇರ್ ಹಾಕ್ರಿ ಅಕ್ಕಾ."

"ಸರ್ ಹೇಳಿದ ಮ್ಯಾಲ ಹಾಕ್ತಿದ್ದೆ."

"ಈಗ ನಾ ಹೇಳಾಕತ್ತೇನಿ."

ಹಿಂದಿನಿಂದ ಲಗಮವ್ವ, "ಎರಡೆತ್ತಿನ ಗಾಡಿ ಇದಕಿಂತ ಚಲೋ ಓಡ್ತಿತ್ತು," ಅಂದಳು. ರುಪಾಲಿ ಮೂರನೇ ಗೇರು ಹಾಕಿದಳು.

ಮುಂದೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ತೂಗಾಡುತ್ತ ಹೋಗುತ್ತಿತ್ತು. ಕಬ್ಬಿನ ಸೋಗೆ ಎರಡೂ ಬದಿಗೆ ಚಾಚಿ ರಸ್ತೆ ಗುಡಿಸುತ್ತಿತ್ತು. ರಸ್ತೆ ಎಡಕ್ಕೆ ಹೊರಳಿತು. ರುಪಾಲಿ ವೇಗ ಇಳಿಸಿ ಟ್ರ್ಯಾಕ್ಟರಿನ ಹಿಂದೆಯೇ ಉಳಿದಳು.

"ಗೆರಿ ಎರಡ ನಮೂನಿ, ಮಾತೂ ಎರಡ ನಮೂನಿ ಅಂತಿದ್ರು ಸರ್," ಆಕೆ ಪಾಠ ಒಪ್ಪಿಸುವವಳಂತೆ ಹೇಳಿದಳು. "ತುಂಡ ಗೆರಿ ಅಂತೈತಿ, ಎದುರಿಗೆ ನೋಡಿ ದಾಟು. ಇಡೀ ಗೆರಿ ಅಂತೈತಿ, ನೋಡೂದೂ ಬ್ಯಾಡ ದಾಟೂದೂ ಬ್ಯಾಡ. ಎರಡೂ ಜೋಡಿ ಇದ್ರ ನಿನ್ನ ಬಾಜೂದ ಗೆರಿ ಮಾತ ಕೇಳು. ಇಲ್ಲಿ ತುಂಡ ಗೆರಿ ಇದ್ರೂ ದಾಟಬ್ಯಾಡ, ಯಾಕಂದ್ರ ಈ ಗೆರಿ ಸುಳ್ಳ ಹೇಳ್ತದ..."

ಆಕೆ ನಿಲ್ಲಿಸಿದಳು. ಕಾರೂ ಗಕ್ಕನೆ ನಿಂತು ಬಂದ್ ಆಯಿತು.

"ವೈನಿ, ಇಲ್ಲಿ ಇಡೀ ಗೆರಿ ಇರ್ಲಿಲ್ಲ."

"ಖರೆ?"

"ಹದಿನೆಂಟ ದಿನ ಇದ ತಿರುವಿನ್ಯಾಗ ಬೈಸಿಕೊಂಡೇನಿ. ತುಂಡ ಗೆರಿ ಇತ್ತು. ಸರ್ ದಿನಾ ಅದಕ್ಕ ಬೈತಿದ್ರು. ತಿರುವಿನ್ಯಾಗ ಇಂಥಾ ಗೆರಿ ಹಾಕಿದವನ್ನ ಇಲ್ಲೇ ನಿಂದರಸಬೇಕು ಅಂತಿದ್ರು."

ಸಾರಿಕಾ ಕಾರನ್ನು ಪೂರ್ತಿ ಬದಿಗೆ ಹಾಕಿಸಿ ಇಳಿದಳು.

ಓಡುವ ಗಾಡಿಯಿಂದ ನೋಡಿದವರಿಗೆ ಅದು ಒಂದೇ ಗೆರೆ. ನಿಂತು ನೋಡಿದವರಿಗೆ ಎರಡು. ಮೂರು ಮೂರು ಹೆಜ್ಜೆಯ ಹಳೆಯ ತುಂಡುಗಳು ಟಾಯರಿನ ಕಪ್ಪು ಹತ್ತಿ ಮಾಸಿದ್ದವು. ಅವುಗಳ ನಡುವಿನ ಖಾಲಿ ಜಾಗದಲ್ಲಿ ಹಾಲಿನಂಥ ಹೊಸ ಬಿಳುಪು, ಬಿಸಿಲಿಗೆ ಗಾಜಿನ ಪುಡಿ ಮಿನುಗುತ್ತಿತ್ತು. ಯಾರೋ ತುಂಡುಗಳನ್ನು ಹೊಲಿದು ಒಂದು ಮಾಡಿದ್ದರು.

ಆದರೆ ಯಾವಾಗ? ರುಪಾಲಿ ಊರು ಬಿಟ್ಟ ಮೇಲೆ, ಕೇದಾರಿ ಸಾಯುವ ಮೊದಲೇ ಹೊಲಿದಿದ್ದರೆ ಪಂಚನಾಮೆ ನಿಜವೇ.

"ಸಾರಿಕಾ," ಅತ್ತೆಯ ದನಿ ಸಣ್ಣಗಾಗಿತ್ತು. "ಇಲ್ಲಿ ಬಾ."

ಲಗಮವ್ವ ರಸ್ತೆಯ ನಡುಮಧ್ಯೆ ಕುಕ್ಕುರುಗಾಲಲ್ಲಿ ಕೂತಿದ್ದಳು. ರುಪಾಲಿ ಓಡಿಹೋಗಿ ಎರಡೂ ಕಡೆಯ ಗಾಡಿಗಳಿಗೆ ಸೆರಗು ಬೀಸುತ್ತ ನಿಂತಳು. ಅಖಂಡ ಗೆರೆ ಅಲ್ಲಿ ಒಂದೂವರೆ ಗೇಣು ಕಡಿದುಹೋಗಿತ್ತು. ಎರಡೂ ಅಂಚು ಚಾಕುವಿನಿಂದ ಕೊಯ್ದಂತೆ ನೇರ. ಬಣ್ಣದ ಪೆಟ್ಟಿಗೆಯನ್ನು ಎತ್ತಿ, ಒಂದು ಹೆಜ್ಜೆ ದಾಟಿಸಿ, ಮತ್ತೆ ಇಟ್ಟಂತಿತ್ತು. ಆ ಒಂದೂವರೆ ಗೇಣಿನಲ್ಲಿ ಡಾಂಬರಿನ ಸಂದುಸಂದುಗಳಲ್ಲಿ ಹಳದಿ ಕೂತಿತ್ತು.

"ನನ್ನ ಭಂಡಾರ," ಲಗಮವ್ವ ಹೇಳಿದಳು.

ಸಾರಿಕಾ ಆ ದಿನ ಬಂದಿರಲಿಲ್ಲ. ಸತ್ತ ಮೂರನೆಯ ದಿನ, ಫೆಬ್ರುವರಿ ಐದಕ್ಕೆ, ಮಗ ಬಿದ್ದ ಜಾಗ ಹಾಗೇ ಇರಬಾರದೆಂದು ಹಟ ಹಿಡಿದು ಅತ್ತೆಯೇ ಬಂದಿದ್ದಳು. ಬೀರದೇವರ ಗುಡಿಯ ಭಂಡಾರವನ್ನು, ಆ ಅರಿಶಿನವನ್ನು, ಗಾಳಿಗೆ ಹಾರದಿರಲೆಂದು ಎಣ್ಣೆಯಲ್ಲಿ ಕಲಸಿ ತಂದು ರಕ್ತದ ಮೇಲೆ ಬಳಿದಿದ್ದಳು.

"ಇದರ ಮ್ಯಾಲ ಬಣ್ಣ ಹಾಕಿಲ್ಲ ನೋಡು. ಹಾಕಿದಾಂವ ನಮ್ಮ ಕಡಿಯವನ ಇರಬೇಕು. ಭಂಡಾರ ಬಿದ್ದಲ್ಲಿ ನಮ್ಮವರು ಕಾಲ ಇಡಂಗಿಲ್ಲ. ಬಣ್ಣ ಹಾಕ್ತಾರೇನು?"

ಸಾರಿಕಾ ಅತ್ತೆಯ ಪಕ್ಕ ಕೂತಳು. ಕೊಲ್ಹಾಪುರದಲ್ಲಿ ಇತಿಹಾಸದ ಎಂ.ಎ. ಓದುವಾಗ ಹಳೆಯ ಪತ್ರಗಳನ್ನು ಪರೀಕ್ಷಿಸುವ ಒಂದು ದಾರಿಯನ್ನು ಕಲಿತಿದ್ದಳು. ಕಾಗದ ತನ್ನ ತಾರೀಖಿಗಿಂತ ಮುಂದೆ ನಡೆದದ್ದನ್ನು ಬಲ್ಲದಾದರೆ ಅದು ಸುಳ್ಳು ಕಾಗದ. ಅಷ್ಟೇ.

ಭಂಡಾರ ಬಿದ್ದದ್ದು ಐದಕ್ಕೆ. ಬಣ್ಣ ಭಂಡಾರವನ್ನು ಬಿಟ್ಟು ಸರಿದಿದೆ, ಅಂದರೆ ಬಣ್ಣ ಬಂದದ್ದು ಐದರ ಮೇಲೆ. ಆದರೆ ಮೂರನೆಯ ತಾರೀಖಿನ ಪಂಚನಾಮೆಗೆ ಅಖಂಡ ಗೆರೆ ಆಗಲೇ ಗೊತ್ತಿತ್ತು.

"ಅತ್ತೀ, ನಿಮ್ಮ ಕೈ ಅದರ ಬಾಜೂಕ ಇಡ್ರಿ."

ಬಳೆಯಿಲ್ಲದ, ಹೊಲದ ಕೆಲಸಕ್ಕೆ ಕಾಯಿಗಟ್ಟಿದ ಆ ಕೈಯನ್ನು ಗೆರೆಯ ಪಕ್ಕ ಇಡಿಸಿ ಸಾರಿಕಾ ಹನ್ನೊಂದು ಫೋಟೋ ತೆಗೆದಳು.  

ವಾಪಸು ಹೊರಡುವಾಗ ರುಪಾಲಿ ಸ್ಟೆಪ್ನಿ ನೋಡಲೆಂದು ಡಿಕ್ಕಿ ಎತ್ತಿದಳು. "ಅಯ್ಯ, ಇದಿನ್ನೂ ಇಲ್ಲೇ ಐತಿ."

ಉದ್ದನೆಯ ಕೋಲು, ತುದಿಗೆ ಸೈಕಲ್ಲಿನಂಥ ಸಣ್ಣ ಗಾಲಿ, ಗಾಲಿಯ ಮೇಲೆ ಅಂಕಿ ತಿರುಗುವ ಡಬ್ಬಿ. ದೂಡಿಕೊಂಡು ಹೋದರೆ ರಸ್ತೆಯ ಅಳತೆ ತೋರಿಸುವ ಗಾಲಿ.

"ಸಂಕ್ರಾಂತಿ ಮುಂದ ಸರ್ ಇದನ್ನ ಈ ತಿರುವಿನ್ಯಾಗ ದೂಡಿದ್ರು, ನಾ ಬರಕೊಂಡೆ. ಎದುರಿನ ಗಾಡಿ ಎಷ್ಟ ಸಮೀಪ ಬರೂತನಾ ಕಾಣೂದಿಲ್ಲ ಅಂತ. ಇಡೀ ಗೆರಿ ಹಾಕ್ರಿ ಅಂತ ಕೊಲ್ಹಾಪುರಕ್ಕ ಅರ್ಜಿ ಕೊಡಾವರಿದ್ರು. ಗೆರಿ ಹಾಕೂ ಗುತ್ತೇದಾರನ ಕಡೆಯಿಂದ ಎರವಲ ತಂದೇನಿ, ಇನ್ನ ಮೂರು ತಿರುವು ಅಳದು ಕೊಟ್ಟ ಬರ್ತೀನಿ ಅಂದಿದ್ರು."

ಕೋಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಅಭಯಕುಮಾರ, ಇಚಲಕರಂಜಿ. ಗಾಲಿ ನಂಬರ್ ಎರಡು.

*

ಮರುದಿನ ಮೊದಲ ಬಸ್ಸಿಗೆ ಸಾರಿಕಾ ಕೊಲ್ಹಾಪುರಕ್ಕೆ ಹೋದಳು. ಗಾಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಾಲಬಳಿ ಇಟ್ಟುಕೊಂಡಿದ್ದಳು. ಕಂಡಕ್ಟರ್ ಅದಕ್ಕೂ ಟಿಕೆಟ್ ಆಗುತ್ತದೆಂದು ಚೇಷ್ಟೆ ಮಾಡಿದ. ಅವಳು ನಗದ್ದನ್ನು ಕಂಡು ಸುಮ್ಮನೆ ಮುಂದೆ ಹೋದ.

ರಸ್ತೆ ಕಚೇರಿಯಲ್ಲಿ ಕನ್ನಡಕದ ಗುಮಾಸ್ತ ಅರ್ಜಿದಾರನ ಹೆಸರು ಕೇಳಿ ನಕ್ಕ. "ಗೆರಿ ಮಾಸ್ತರ ಅಲ್ರಿ? ಎಂಟ ಸಲ ಬಂದಾರ. ಇಡೀ ಗೆರಿ ಆಗೂತನಾ ಬಿಡಂಗಿಲ್ಲ ಅಂತ ಇಲ್ಲೇ ಬೆಂಚಿನ ಮ್ಯಾಲ ಕೂಡ್ತಿದ್ರು. ಈಗ್ಯಾಕ ನಿಮ್ಮನ್ನ ಕಳಿಸ್ಯಾರ?"

"ಅವರು ತೀರಿಕೊಂಡ್ರು. ಅದ ತಿರುವಿನ್ಯಾಗ."

ಗುಮಾಸ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಎದ್ದುಹೋಗಿ ಆದೇಶದ ನಕಲು ತಂದುಕೊಟ್ಟ. ಕೇದಾರಿಯವರ ಅರ್ಜಿಯ ಮೇರೆಗೆ ಆ ತಿರುವಿನ ತುಂಡು ಗೆರೆಯನ್ನು ಅಖಂಡ ಗೆರೆಯಾಗಿ ಮಾರ್ಪಡಿಸತಕ್ಕದ್ದು. ಗುತ್ತಿಗೆದಾರ, ಅಭಯಕುಮಾರ. ಜನವರಿ ಮೂವತ್ತೊಂದರೊಳಗೆ ಕೆಲಸ ಮುಗಿಯತಕ್ಕದ್ದು.

ಮೂವತ್ತೊಂದರೊಳಗೆ. ಸತ್ತದ್ದು ಮೂರಕ್ಕೆ.

ಸಾರಿಕಾ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪಂಚನಾಮೆಯ ಜೊತೆಗಿಟ್ಟು ಇಚಲಕರಂಜಿಯ ಬಸ್ಸು ಹತ್ತಿದಳು.

*

ಕಚೇರಿಯ ಎರಡೂ ಮಗ್ಗುಲಿಗೆ ಮಗ್ಗದ ಶೆಡ್ಡುಗಳು. ಮಾತಾಡಬೇಕಾದರೆ ಮಗ್ಗಗಳ ಸದ್ದಿಗಿಂತ ಒಂದು ಮೆಟ್ಟಿಲು ಮೇಲೆ ದನಿ ಎತ್ತಬೇಕು. ಅಭಯಕುಮಾರ ಮಾತ್ರ ಎತ್ತಲಿಲ್ಲ. ಕೇಳಬೇಕಾದವರು ಬಾಗಿ ಕೇಳುತ್ತಾರೆಂದು ಗೊತ್ತಿದ್ದವನಂತೆ ಮೆಲ್ಲಗೆ ಮಾತಾಡುವ ಮನುಷ್ಯ. ಇಸ್ತ್ರಿಯ ಬಿಳಿ ಅಂಗಿ, ವಯಸ್ಸು ಐವತ್ತರ ಆಚೀಚೆ.

"ಕೂಡ್ರಿ ತಾಯಿ. ಚಹಾ ತರಸ್ಲಿ? ಸುದ್ದಿ ಕೇಳಿ ಭಾಳ ಕೆಟ್ಟ ಅನಸ್ತು. ಕೇದಾರಿ ಮಾಸ್ತರ ನಮ್ಮ ಮನೀ ಮನಷ್ಯಾ ಇದ್ದಂಗ."

"ನಿಮ್ಮ ಗಾಲಿ ಕೊಡಾಕ ಬಂದೇನಿ."

"ಅಷ್ಟಕ್ಕ ಇಷ್ಟ ದೂರ ಬಂದ್ರಾ? ಇಟಗೊಂಡಿದ್ರೂ ನಾ ಕೇಳ್ತಿದ್ದಿಲ್ಲ."

"ಇನ್ನೊಂದ ಮಾತ ಐತಿ. ಆ ತಿರುವಿನ ಇಡೀ ಗೆರಿ ಯಾವಾಗ ಹಾಕಿದ್ರಿ ಶೇಠ?"

"ಜನವರಿ ಮೂವತ್ತಕ್ಕ." ಉತ್ತರ ಬಾಗಿಲ ಬಳಿಯೇ ಕಾಯುತ್ತಿದ್ದಂತೆ ಬಂತು. "ಹೇಳಿದ ತಾರೀಖಿಗೆ ಒಂದ ದಿನ ಮೊದಲ. ಮಾಸ್ತರ ಕೇಳಿದ ಗೆರಿ ಮಾಸ್ತರಗ ಕೊಟ್ವ. ಅವರ ದಾಟಿದ್ರು, ನಾವೇನ ಮಾಡೂಣು? ನಸೀಬ."

  ಸಾರಿಕಾ ಮೊಬೈಲಿನಲ್ಲಿ ಫೋಟೋ ತೆರೆದು ಮೇಜಿನ ಮೇಲಿಟ್ಟಳು.

"ನಡುವ ಒಂದೂವರೆ ಗೇಣ ಬಿಟ್ಟೀರಿ. ಯಾಕ?"

ಅಭಯಕುಮಾರ ಬಾಗಿ ನೋಡಿದ. ಹಳದಿ ಕಲೆ, ಮುದುಕಿಯ ಕೈ. "ಅದಾ? ಅಲ್ಲಿ ಎಣ್ಣಿ ಬಿದ್ದಿರತೈತಿ. ಎಣ್ಣಿ ಇದ್ದಲ್ಲಿ ನಮ್ಮ ಬಣ್ಣ ಹಿಡ್ಯಂಗಿಲ್ಲ. ಹುಡುಗೂರು ಬಿಟ್ಟ ಮುಂದ ಹೋಗಿರ್ತಾರ. ಎಲ್ಲಾ ರಸ್ತಾದಾಗೂ ಹಿಂಗ."

"ಅಂದ್ರ ಮೊದಲ ಎಣ್ಣಿ ಇತ್ತು, ಆಮ್ಯಾಲ ಬಣ್ಣ ಬಂತು."

"ಮತ್ತ? ಎಣ್ಣಿ ಆಮ್ಯಾಲ ಬಿದ್ದಿದ್ರ ಬಣ್ಣದ ಮ್ಯಾಲ ಇರ್ತಿತ್ತು."

"ಹೌದ್ರಿ," ಸಾರಿಕಾ ಅಂದಳು. "ಆ ಎಣ್ಣಿ ನಮ್ಮ ಅತ್ತಿ ಬಳದದ್ದು. ಭಂಡಾರ ಕಲಸಿ. ಅವರ ಮಗಾ ಸತ್ತ ಮೂರನೇ ದಿನ, ಫೆಬ್ರುವರಿ ಐದಕ್ಕ."

ಮಗ್ಗಗಳು ಬಡಿಯುತ್ತಲೇ ಇದ್ದವು. ಅಭಯಕುಮಾರ ಚಹಾದ ಕಪ್ಪನ್ನು ಬಸಿಯ ನಡುವಿಗೆ ಸರಿಯಾಗಿ ತಂದಿಟ್ಟ.

"ಹೆಣ್ಣುಮಕ್ಕಳು ಹೊಲದಾಗ, ರಸ್ತಾದಾಗ ದಿನಾ ಏನೇನರ ಹಚ್ತಾರ ತಾಯಿ. ಅದು ಮೊದಲಿಂದ ಯಾಕಿರಬಾರ್ದು?"

"ಬಣ್ಣ ಹಾಕಿದಾಂವನ್ನ ಕರೀರಿ. ಅಂವಗ ಕೇಳೂಣು."

ಕರೆಯುವುದಿಲ್ಲವೆಂದರೆ ಹೆದರಿದಂತಾಗುತ್ತದೆ. ಅಭಯಕುಮಾರ ಗಂಟೆ ಒತ್ತಿದ.

ಯಲಗೂರಪ್ಪ ಬಂದ. ಅರವತ್ತರ ಮನುಷ್ಯ, ವಿಜಾಪುರದ ಕಡೆಯಿಂದ ಕೂಲಿಗೆ ಬಂದು ಇಲ್ಲೇ ಮೇಸ್ತ್ರಿಯಾದವನು. ಕೈಯ ಉಗುರುಗಳಲ್ಲಿ ಎಂದಿಗೂ ಹೋಗದ ಬಿಳಿ ಬಣ್ಣ. ಬಾಗಿಲೊಳಗೆ ಚಪ್ಪಲಿಯಲ್ಲೇ ಬಂದು ನಿಂತ, ಆ ಕಚೇರಿಯಲ್ಲಿ ಎಲ್ಲರೂ ಚಪ್ಪಲಿಯಲ್ಲೇ ಓಡಾಡುತ್ತಿದ್ದರು.

"ಕಾಕಾ," ಸಾರಿಕಾ ಮೊಬೈಲನ್ನು ಅವನ ಕಡೆ ತಿರುಗಿಸಿದಳು. "ಈ ಜಾಗಾ ಗುರ್ತ ಸಿಗತೈತೇನು?"

ಯಲಗೂರಪ್ಪ ಮೊದಲು ಶೇಠನ ಮುಖ ನೋಡಿದ. ಆಮೇಲೆ ಫೋಟೋ ನೋಡಿದ.  ಅವನಿಗೇ ತಿಳಿಯದಂತೆ ಅವನ ಕಾಲುಗಳು ಹಿಂದೆ ಸರಿದವು. ಒಂದು ಚಪ್ಪಲಿ ಕಳಚಿತು, ಮತ್ತೊಂದು ಕಳಚಿತು. ಬರಿಗಾಲಲ್ಲಿ ನೆಲದ ಮೇಲೆ ನಿಂತು, ಕೈ ಎದೆಗೆ ಒಯ್ದ.

ಫೋಟೋದಲ್ಲಿ ಇದ್ದದ್ದು ಒಂದು ಹಳದಿ ಕಲೆ, ಒಂದು ಕೈ, ಅಷ್ಟೇ. ಯಾರೂ ಅದನ್ನು ಭಂಡಾರ ಎಂದು ಅವನಿಗೆ ಹೇಳಿರಲಿಲ್ಲ.

"ನನಗ ನೆನಪಿಲ್ರಿ," ಯಲಗೂರಪ್ಪ ಹೇಳಿದ. ಕಣ್ಣು ಮಾತ್ರ ಸಾರಿಕಾಳ ಬರಿಯ ಕೊರಳಿನ ಮೇಲಿತ್ತು. "ನೆನಪಿಲ್ಲವ್ವಾ."

"ಹೋಗು," ಅಭಯಕುಮಾರ ಅಂದ.

ಮುದುಕ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡೇ ಹೊರಗೆ ಹೋದ. ಬಾಗಿಲು ಮುಚ್ಚಿತು.

"ಕೇಳಿದ್ರಲ್ಲ. ನೆನಪಿಲ್ಲಂತ."

"ನೋಡಿದೆ," ಸಾರಿಕಾ ಅಂದಳು. "ನೀವೂ ನೋಡಿದ್ರಿ."

ಅವಳು ಕೊಲ್ಹಾಪುರದ ಕಾಗದ ಬಿಚ್ಚಿದಳು. "ಶೇಠ, ನಾ ಕಾಗದಾ ಓದಾಕ ಕಲತಾಕಿ. ಮೂರನೇ ತಾರೀಖಿಗೆ ಇಡೀ ಗೆರಿ ರಸ್ತಾದ ಮ್ಯಾಲ ಇರ್ಲಿಲ್ಲ. ಈ ಆದೇಶದ ಮ್ಯಾಲ ಅಷ್ಟ ಇತ್ತು. ಆದ್ರ ಅದ ದಿನದ ಪಂಚನಾಮೆದಾಗೂ ಬಂತು. ಈ ಆದೇಶ ಇದ್ದದ್ದು ಮೂರ ಕಡೆ. ಕಚೇರ್ಯಾಗ, ನಿಮ್ಮ ಕಡೆ, ನನ್ನ ಗಂಡನ ಕಡೆ. ಗಂಡ ಸತ್ತಿದ್ದ. ಕಚೇರಿಯವರು ಆ ದಿನ ಅಲ್ಲಿಗೆ ಬಂದಿಲ್ಲ. ಪಂಚನಾಮೆ ಬರಸಿದಾಂವಗ ಆ ಗೆರಿ ಸುದ್ದಿ ಯಾರು ಹೇಳಿದ್ರು?"

ಅಭಯಕುಮಾರ ಮೊದಲ ಸಲ ದನಿ ಎತ್ತಿದ. ಹೆಚ್ಚೇನಿಲ್ಲ, ಮಗ್ಗದ ಸದ್ದಿನ ಮಟ್ಟಕ್ಕೆ.

"ನೀವು ಕಲತವರು. ವಿಚಾರ ಮಾಡ್ರಿ. ಗುರುವಾರ ಆದ ಮ್ಯಾಲ ನಿಮ್ಮ ಫೋಟೋ ಯಾರ ನೋಡ್ತಾರ? ನಾಳೆ ನಮ್ಮ ಹುಡುಗೂರು ಹೋಗಿ ಆ ಒಂದೂವರೆ ಗೇಣ ತುಂಬಿ ಬಂದ್ರ ನೀವು ಯಾರಿಗೆ ಏನ ತೋರಸ್ತೀರಿ? ಮನೀಗೆ ಹೋಗ್ರಿ. ಮುದಿಕೀನ್ನ ನೋಡಕೊಳ್ರಿ. ಗಾಡಿ ಸಾಲಿ ನಡಸ್ರಿ, ಬೇಕಂದ್ರ ನಾ ಮಂದಿ ಕಳಸ್ತೀನಿ. ಸತ್ತವರ ಮ್ಯಾಲ ಒಂದ ತಪ್ಪ ಉಳದ್ರ ಅವರಿಗೇನ ನೋವ ಆಗತೈತಿ?"

"ತುಂಬಸ್ರಿ," ಸಾರಿಕಾ ಎದ್ದು ನಿಂತಳು. "ನಿಮ್ಮ ಮೇಸ್ತ್ರಿ ತುಂಬೂದಿಲ್ಲ. ಬ್ಯಾರೇದಾವನ್ನ ಹುಡುಕಬೇಕಾಗತೈತಿ. ಅಂವ ಅಲ್ಲಿಗೆ ಹೋದ್ರ ನಮ್ಮ ಅತ್ತಿ ಅಲ್ಲೇ ಕುಂತಿರ್ತಾರ. ಇವತ್ತ ಬೆಳಿಗ್ಗೇನ ಹೋಗ್ಯಾರ, ರೊಟ್ಟಿ ಕಟಗೊಂಡು. ಜೋಡಿ ಮಹಾಗಾಂವದ ಅಕ್ಕಾನೂ ಅದಾರ."

ಅಭಯಕುಮಾರ ಅವಳನ್ನೇ ನೋಡಿದ.

"ಅವರ ಮ್ಯಾಲ ತಪ್ಪ ಉಳದ್ರ ಅವರಿಗೆ ನೋವ ಆಗೂದಿಲ್ಲ, ಖರೆ," ಸಾರಿಕಾ ಹೇಳಿದಳು. "ನನಗ ಆಗತೈತಿ. ನಾ ಇನ್ನ ಸತ್ತಿಲ್ಲ."

ಕೋಲನ್ನು ಎತ್ತಿಕೊಂಡಳು.

"ಅದನ್ನ ಇಲ್ಲೇ ಇಟ್ಟ ಹೋಗ್ರಿ."

"ಎರವಲ ಎಲ್ಲಿಂದ ತಂದಿದ್ರೋ ಅಲ್ಲೇ ಕೊಡ್ತೀನಿ. ಬರಸಿ ಕೊಡ್ತೀನಿ."

*

ಸಾಮಾನು ಕೋಣೆಯ ಕಿಟಕಿ ಅಂಗಳದ ಆಚೆ ತುದಿಗಿತ್ತು. ಒಳಗೆ ಇಪ್ಪತ್ತರ ಹುಡುಗಿಯೊಬ್ಬಳು ಬಕೆಟ್ಟು, ಬ್ರಷ್ಷು, ರಸ್ತೆಯ ಮೇಲಿಡುವ ಕೆಂಪು ಶಂಕುಗಳ ನಡುವೆ ಕೂತು ಬುತ್ತಿ ಉಣ್ಣುತ್ತಿದ್ದಳು. ಕೊರಳಿನ ಗುರುತಿನ ಚೀಟಿಯಲ್ಲಿ ಮನೀಷಾ ಎಂದಿತ್ತು.

"ಇದು ನಿಮ್ಮದು," ಸಾರಿಕಾ ಸೀರೆ ಬಿಚ್ಚಿ ಗಾಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಗಡಹಿಂಗ್ಲಜದ ಕೇದಾರಿ ಮಾಸ್ತರ ಒಯ್ದಿದ್ರು. ವಾಪಸ್ ಬಂತು ಅಂತ ಬರದು ನನಗೊಂದ ಚೀಟಿ ಕೊಡು ತಂಗಿ."

ಮನೀಷಾ ಕೈ ತೊಳೆದು ಬಂದು ದಪ್ಪ ಬುಕ್ಕು ತೆರೆದಳು. ಬೆರಳು ಸಾಲುಗಳ ಮೇಲೆ ಇಳಿಯಿತು, ನಿಂತಿತು. ಕೋಲಿನ ಕೆಂಪು ಬರಹ ನೋಡಿದಳು, ಮತ್ತೆ ಬುಕ್ಕು ನೋಡಿದಳು.

"ಗಾಲಿ ನಂಬರ್ ಎರಡು ಬಂದೈತಲ್ರಿ ವೈನಿ."

"ಏನಂದಿ?"

"ವಾಪಸ್ ಬಂದೈತಿ. ಮಾಸ್ತರ ಸಹಿ ಮಾಡ್ಯಾರ ನೋಡ್ರಿ. ನಾ ಆ ವಾರ ರಜಾದಾಗ ಇದ್ದೆ."

ಬುಕ್ಕನ್ನು ಸಾರಿಕಾಳ ಕಡೆ ತಿರುಗಿಸಿದಳು. ಗಾಲಿ ನಂಬರ್ ಎರಡು, ಜಮಾ. ತಾರೀಖು ಫೆಬ್ರುವರಿ ನಾಲ್ಕು.

ನಾಲ್ಕನೆಯ ತಾರೀಖು ಬೆಳಿಗ್ಗೆ ಕೇದಾರಿಯನ್ನು ಮಣ್ಣು ಮಾಡಿ ಬಂದಿದ್ದರು.

ಕಳ್ಳಸಹಿಯೇ ಇರಬೇಕೆಂದು ಸಾರಿಕಾ ಬಾಗಿ ನೋಡಿದಳು. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಹೊರಳಿ ಹೆಸರಿನಡಿ ಓಡಿತ್ತು. ಅಲ್ಲಲ್ಲಿ ಪೆನ್ನಿನ ಒತ್ತಡಕ್ಕೆ ಹಾಳೆ ಹರಿದಿತ್ತು. ಕಲಿಯುವವರ ನೂರಾರು ಅರ್ಜಿಗಳನ್ನು ಅವನ ಮಗ್ಗುಲಲ್ಲಿ ಕೂತು ತುಂಬಿದವಳು ಅವಳು. ಇಷ್ಟು ಒತ್ತಬೇಡಿ, ಕೆಳಗಿನ ಹಾಳೆಗೂ ಸಹಿ ಬೀಳುತ್ತದೆ ಎಂದು ಎಷ್ಟು ಸಲ ಬೈದಿದ್ದಳೋ. ಅವಳು ಹಾಳೆಯನ್ನು ಮೆಲ್ಲಗೆ ಎತ್ತಿ ಹಿಂದೆ ಬೆರಳಾಡಿಸಿದಳು. ಹೆಸರು ಬೆರಳಿಗೆ ಉಬ್ಬಿ ಸಿಕ್ಕಿತು.

ಕಳ್ಳಸಹಿಯಲ್ಲ. ಸಹಿ ಕೇದಾರಿಯದೇ.

ಗಾಲಿ ತನ್ನ ಕಾರಿನಲ್ಲೇ ಇರುವಾಗ ಕೊಟ್ಟಿದ್ದೇನೆಂದು ಅವನು ಯಾವಾಗ ಸಹಿ ಮಾಡಿದ? ಯಾರ ಮುಂದೆ ಕೂತು?

"ಮನೀಷಾ," ಅಂಗಳದ ಆಚೆಯಿಂದ ಅಭಯಕುಮಾರನ ದನಿ ಬಂತು, ಈಗ ಮಗ್ಗಗಳಿಗಿಂತ ಮೇಲೆ. "ಬುಕ್ ತಗೊಂಡ ಒಳಗ ಬಾ."

ಹುಡುಗಿ ಬುಕ್ಕು ಎಳೆದುಕೊಳ್ಳಲು ಕೈ ಚಾಚಿದಳು. ಸಾರಿಕಾಳ ಅಂಗೈ ಹಾಳೆಯ ಮೇಲಿತ್ತು.

"ಮೊದಲ ಬರಿ ತಂಗಿ."

"ಹ್ಯಾಂಗ ಬರೀಲ್ರಿ? ಒಂದ ಗಾಲಿ ಎರಡ ಸಲ ಹ್ಯಾಂಗ ಬರತೈತಿ?"

"ನನಗೂ ಗೊತ್ತಿಲ್ಲ. ಎರಡನೇ ಸಲ ಬಂತು ಅಂತ ಬರಿ. ತಂದಾಕಿ ಅವರ ಹೆಣ್ತಿ ಸಾರಿಕಾ ಅಂತ ಬರಿ. ಇವತ್ತಿನ ತಾರೀಖ ಹಾಕು. ನಾ ಸಹಿ ಮಾಡ್ತೀನಿ."

ಅಂಗಳದಲ್ಲಿ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ಮನೀಷಾ ಒಮ್ಮೆ ಆ ಕಡೆ ನೋಡಿದಳು, ಒಮ್ಮೆ ಕಟ್ಟೆಯ ಮೇಲಿದ್ದ ಗಾಲಿ ನೋಡಿದಳು. ಆಮೇಲೆ ಪೆನ್ನಿನ ಟೋಪಿ ತೆಗೆದಳು.